ಏಳುನೂರ ಹನ್ನೆರಡನೇ ಪುಟ

ನೋಟಿಸಿಗೆ ಸಹಿ ಇಲ್ಲ.
ಯಂತ್ರ ಬರೆದದ್ದು, ಸಹಿ ಬೇಕಿಲ್ಲವೆಂದು
ಯಂತ್ರವೇ ಕೆಳಗೆ ಬರೆದುಕೊಂಡಿದೆ.
ಕೆಂಪಾಜಮ್ಮ ಅದನ್ನು ಸೆರಗಿನಲ್ಲಿ ಸುತ್ತಿ ತಂದಿದ್ದಾರೆ,
ಮೊಟ್ಟೆ ತರುವ ಹಾಗೆ.

ಗುತ್ತಲು ರಸ್ತೆ, ಮಹಡಿಯ ಮೇಲೆ ನನ್ನ ಆಫೀಸು.
ಹತ್ತೊಂಬತ್ತು ಮೆಟ್ಟಿಲು. ಎಣಿಸಿಕೊಂಡೇ ಹತ್ತಿದರಂತೆ.
"ನಲವತ್ತೆಂಟು ಲಕ್ಷ ಅಂತೆ ಕಣವ್ವ! ಅಂಗಡೀಲಿ
ನಾನೇ ಕುಂತಿದ್ನಲ್ಲ, ಯಾವಾಗ್ ಬಂತು?"

ಬಂದದ್ದು ಡಬ್ಬಿಯಿಂದ.
ಕಾಸು ಬಿದ್ದಾಗಲೆಲ್ಲ ಹೆಣ್ಣು ದನಿಯಲ್ಲಿ ಕೂಗುವ ಡಬ್ಬಿ.
ಬೆಲ್ಲದ ಮಂಕರಿ ಪಕ್ಕ ಕೂತು
ಅದು ನಾಲ್ಕು ವರ್ಷ ಕೂಗಿದ್ದನ್ನೆಲ್ಲ
ಎಲ್ಲೋ ಯಾರೋ ಬರೆದುಕೊಂಡಿದ್ದಾರೆ.
ಯಾರೋ ಅಲ್ಲ.
ಯಾರೂ ಅಲ್ಲ.

ನನ್ನ ಸೀನಿಯರ್ ಆರಾಧ್ಯರ ಕಾಲದಲ್ಲಿ
ಇನ್‌ಸ್ಪೆಕ್ಟರಿಗೆ ಮುಖವಿತ್ತು, ಎಲೆಅಡಿಕೆ ಜಗಿಯುವ ಬಾಯಿತ್ತು.
ಫೈಲಿನ ನಡುವೆ ಕವರೂ ಇರುತ್ತಿತ್ತು,
ಇಟ್ಟ ಕೈ ಒಮ್ಮೊಮ್ಮೆ ನನ್ನದೇ. ಸುಳ್ಳೇಕೆ?
ಆ ಕಾಲ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ.
ಆದರೆ ಉಂಡೆ ಬೆಲ್ಲವೋ ಅಚ್ಚೋ,
ಬಿಡಿಯೋ, ಚೀಟಿ ಅಂಟಿಸಿದ ಪ್ಯಾಕೆಟ್ಟೋ ಎಂದು
ಕೇಳಿಯಾದರೂ ಕೇಳುತ್ತಿದ್ದರು.

ಇಂಚರ, ನನ್ನ ಜೂನಿಯರ್, ಮದ್ದೂರಿನ ಹುಡುಗಿ,
ಬೆಳಗಿನ ರೈಲು ಮಂಡ್ಯ ಮುಟ್ಟುವಷ್ಟರಲ್ಲಿ
ಮೊಬೈಲಿಗೆ ಹೇಳಿ ಉತ್ತರ ಬರೆಸಿಬಿಟ್ಟಿದ್ದಾಳೆ.
ಮೂರು ಪುಟ. ಒಂದು ಕಾಗುಣಿತ ತಪ್ಪಿಲ್ಲ.
ನಾನು ಬರೆಯುವುದಕ್ಕಿಂತ ಚೆನ್ನಾಗಿದೆ.
ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು.
ಎರಡನೇ ಪುಟದಲ್ಲೊಂದು ತೀರ್ಪು,
ಬಿಡಿ ಬೆಲ್ಲದ ವ್ಯಾಪಾರಿಯೊಬ್ಬ ಗೆದ್ದದ್ದು:
ಸಂಪುಟ ನಲವತ್ತೊಂದು, ಪುಟ ಏಳುನೂರ ಹನ್ನೆರಡು.

ಆರಾಧ್ಯರ ಬೀರು ತೆಗೆದೆ. ನುಸಿಗುಳಿಗೆ ವಾಸನೆ.
ನಲವತ್ತೊಂದನೇ ಸಂಪುಟ
ಆರುನೂರ ನಲವತ್ತಕ್ಕೇ ಮುಗಿಯುತ್ತದೆ.
ಆಮೇಲೆ ರಟ್ಟು. ರಟ್ಟಿನ ಮೇಲೆ
ಪೆನ್ಸಿಲಿನಲ್ಲಿ ಅವರ ದುಂಡನೆಯ ಅಕ್ಷರ:
ಕಾಫಿಪುಡಿ, ಅರ್ಧ ಕೆಜಿ.

"ಮೇಡಂ, ಎಷ್ಟು ನಿಜದ ಥರ ಇತ್ತು ಅದು" ಅಂದಳು ಇಂಚರ,
ಕಿವಿ ಕೆಂಪಾಗಿತ್ತು.
ಬೈಯಲು ಬಾಯಿ ಬರಲಿಲ್ಲ. ಅಂಥದೊಂದು ತೀರ್ಪನ್ನು
ಯಾರಾದರೂ ಕೊಟ್ಟಿರಬೇಕಿತ್ತು.

ಸರಿ, ಬ್ಯಾಂಕಿನ ಹಾಳೆ ತೆಗಿ, ಎಂದು ಕೂತೆವು.
ನೂರಾ ಹದಿನಾಲ್ಕು ಪುಟ. ಸಾಲಿಗೊಂದು ಉದ್ದದ ನಂಬರು.
ಇಂಚರ ಓದುತ್ತಾಳೆ, ಕೆಂಪಾಜಮ್ಮ ಕಣ್ಣು ಮುಚ್ಚಿ ಹೇಳುತ್ತಾರೆ:
"ಮುನ್ನೂರ ಅರವತ್ತಾ? ಹೊಳಲಿನ ಹುಡ್ಗ. ಹೆಂಡ್ತಿ ಬಸ್ರಿ,
ಅಚ್ಚೇ ಬೇಕು ಅಂತ ಕುಂತ್ಬುಟ್ಳಂತೆ."
"ಎಂಬತ್ ಸಾವ್ರ ಚೀಟಿ ದುಡ್ಡು, ನಂದಲ್ಲ,
ಹನ್ನೊಂದ್ ಜನದ್ದು. ಹೆಸ್ರು ಬೇಕಾ?"
"ಇಪ್ಪತ್ತು... ಯಾರೋ, ಮರ್ತೆ.
ಇಪ್ಪತ್ತಕ್ಕೂ ಫೋನ್ ತಗುದ್ನಲ್ಲ, ಪಾಪ."

ಕೊನೆಯಲ್ಲಿ ಹೊಸದೊಂದು ಕಾಲಂ ಎಳೆದು
ಮೇಲೆ 'ಷರಾ' ಎಂದು ಟೈಪಿಸಿದಳು ಇಂಚರ.
ಹೊಳಲು, ಚೀಟಿ, ಮೈದುನನ ಕೈಗಡ, ಮರೆತದ್ದು:
ಎಲ್ಲ ಅದರೊಳಗೆ ಒಂದರ ಕೆಳಗೊಂದು.
ಬೆಲ್ಲದ ಸಾಲಿಗೆ ಹಳದಿ ಬಣ್ಣ.
ಮಧ್ಯಾಹ್ನದ ಊಟ ಸಂಜೆ ಐದಕ್ಕಾಯಿತು.

ರಾತ್ರಿ ಹತ್ತೂವರೆ. ಫೈಲು ದೊಡ್ಡದಾಯಿತಂತೆ,
ಹೊರಗೆ ತಳ್ಳಿತು. ಮೂರು ತುಂಡು ಮಾಡಿದೆವು.
ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು,
ಕಬ್ಬಿಲ್ಲದ ಗಾಣದ ಹಾಗೆ.
ಓಟಿಪಿ ಬಂದದ್ದು ಕೆಂಪಾಜಮ್ಮನ ಫೋನಿಗೆ,
ಒಂದೊಂದೇ ಅಂಕಿ ಕೂಗಿ ಹೇಳಿದರು, ಡಬ್ಬಿಯಂತೆಯೇ.
ಆಮೇಲೆ ಕೇಳಿದರು:
"ಇದ್ನ ಓದೋರ್ಯಾರವ್ವ?"

ಗೊತ್ತಿಲ್ಲ ಅಂದೆ.

"ಫೀಸು ಫೋನಲ್ಲಿ ಬ್ಯಾಡ" ಎಂದು
ಸೊಂಟದ ಚೀಲ ಬಿಚ್ಚಿ ಎಣಿಸಿದರು.
ರಸೀದಿ ಬರೆದುಕೊಟ್ಟೆ. ಬೆಳಕಿಗೆ ಹಿಡಿದು,
ಹಿಂದೆ ಮುಂದೆ ತಿರುವಿ,
ವಾಪಸು ಮೇಜಿನ ಮೇಲಿಟ್ಟರು.
"ಸಹಿ ಮರ್ತೆ ಕಣವ್ವ."