ಚಿಕ್ಕ ಅಕ್ಷರದ ಊರು

ಗುರುವಾರ ಸಂಜೆ, ಕುರ್ತುಲುಷ್, ದರ್ಜಿಯ ಮಹಡಿ.
ಕೆಳಗೆ ಇಸ್ತ್ರಿಪೆಟ್ಟಿಗೆಯ ಉಸಿರು, ಮೇಲೆ ನನ್ನ ಇಂಗ್ಲಿಷ್ ಪಾಠ.
ಏಳು ಜನ, ಒಂಬತ್ತು ಕುರ್ಚಿ.
ಎಂಬತ್ತಮೂರನೇ ಪುಟದಲ್ಲಿ ಯಿಯಿತ್ ಎಡವಿದ:
"ಈ ತೆರಿಗೆಯ ನಿಯಮಗಳು ಬೈಜಾಂಟೈನ್."
ಟೀಚರ್, ಇದು ನಮ್ಮೂರಲ್ಲವೇ?

ನಮ್ಮೂರೇ, ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುವ ಹುಡುಗನೇ,
ದಿನಕ್ಕೆಂಟು ಸಲ ನೀನು ಬಂದು ತಾಕುವ ದಡವೇ.
ಆದರೆ ಇಲ್ಲಿ ಅದು ಊರಲ್ಲ, ಗುಣವಾಚಕ.
ಅರ್ಥ: ಬಿಚ್ಚಬಾರದೆಂದೇ ಹಾಕಿದ ಕಗ್ಗಂಟು.
ಒಳಗೊಳಗೇ ಕವಲು, ಕವಲಿಗೊಬ್ಬ ಕಾವಲು,
ಕಾವಲಿನವನ ಬಳಿ ಒಂದು ಮುದ್ರೆ,
ಮುದ್ರೆಯಿಟ್ಟ ಬೀರುವಿನ ಕೀಲಿ ರಜೆಯಲ್ಲಿ.

ಬಳಕೆ ಬರೆದುಕೊಳ್ಳಿ ಅಂದೆ.
ಕಾನೂನಿಗೆ ಹೇಳಬಹುದು, ಕಚೇರಿಗೆ, ಪಿತೂರಿಗೆ,
ನಾಲ್ವರು ಸೋದರಮಾವಂದಿರು ಕೂತು ನಡೆಸುವ ಮದುವೆ ಮಾತಿಗೆ.
ಕಸೂತಿಗೆ ಬೇಡ, ಅದಕ್ಕೆ ಬೇರೆ ಪದವಿದೆ, ಮೆಚ್ಚುಗೆಯದು.
ರೊಟ್ಟಿಗೆ ಹೇಳುವಂತಿಲ್ಲ. ಮಗುವಿಗೆ ಹೇಳುವಂತಿಲ್ಲ.
ನನ್ನ ಗಂಡನಿಗೆ? ಕೇಳಿದಳು ನರ್ಸ್ ಗುಲ್ಸೆರೆನ್.
ವಾಕ್ಯ ಮಾಡಿ ತಾ, ನೋಡೋಣ.

ಹೇಳದೆ ಬಿಟ್ಟದ್ದೂ ಇದೆ.
ಆ ಹೆಸರಿನ ಜನ ಆ ಹೆಸರಲ್ಲಿ ತಮ್ಮನ್ನು ಕರೆದುಕೊಂಡವರೇ ಅಲ್ಲ.
ರೋಮಿನವರು ನಾವು, ಅನ್ನುತ್ತಿದ್ದರು.
ಈಗಲೂ ಬೇಕರಿಯವನು ನನ್ನ ಬೆನ್ನ ಹಿಂದೆ ಹೇಳುವುದು
'ರೂಮ್ ಹೆಂಗಸು' ಎಂದೇ.
ಊರು ಬಿದ್ದು ನೂರು ವರ್ಷವಾದ ಮೇಲೆ
ದೂರದ ಯಾವನೋ ಪಂಡಿತ ಹಳೆಯ ಹೆಸರು ಕೆದಕಿ ಅಂಟಿಸಿದ;
ಆಮೇಲೆ ಬಂದವರು ಅದನ್ನು ಬೈಗುಳ ಮಾಡಿಕೊಂಡರು,
ಸತ್ತವರ ಕೋಟು ತೊಟ್ಟು ಬಫೂನನ ಪಾತ್ರ ಕುಣಿದ ಹಾಗೆ.

ಮತ್ತೆ, ನನ್ನ ಸೋದರತ್ತೆ ಎಫ್ತೆರ್ಪಿ.
ಪೇರಾದ ಗಲ್ಲಿಯಲ್ಲಿ ಟೋಪಿ ಮಾಡುತ್ತಿದ್ದವಳು.
ಆವಿಯಲ್ಲಿ ಉಣ್ಣೆ ಮೆದುವಾಗಿಸಿ ಮರದ ತಲೆಗೆ ಎಳೆದು ಕೂರಿಸಿ,
ಬಾಯಲ್ಲಿ ಸೂಜಿಗಳಿದ್ದಾಗಲೂ ಗಿರಾಕಿಯ ಜೊತೆ ಜಗಳವಾಡುತ್ತಿದ್ದಳು.
ಆಸ್ತಿ ದಫ್ತರದಲ್ಲಿ ಒಂದು ಪುಟಕ್ಕೆ ಅವಳು ಎಫ್ತೆರ್ಪಿ,
ಇನ್ನೊಂದಕ್ಕೆ ಎಫ್ತೆರ್ಪೆ,
ಯಾವನದೋ ದಪ್ಪ ನಿಬ್ಬಿನಲ್ಲಿ ಎಕ್ತೆರ್ಪಿ.
ಒಂದು ಅಂಗಡಿ, ಮೂವರು ಒಡತಿಯರು.
ಮೂವರೂ ಬಂದು ಸಹಿ ಹಾಕಲಿ ಅನ್ನುತ್ತದೆ ಇಲಾಖೆ.
ಒಬ್ಬಳು ಷಿಶ್ಲಿಯ ಸ್ಮಶಾನದಲ್ಲಿದ್ದಾಳೆ.
ಉಳಿದಿಬ್ಬರು ಹುಟ್ಟಿಯೇ ಇಲ್ಲ.

ಎಲ್ಲರೂ ಇಳಿದು ಹೋದ ಮೇಲೆ ನೆವ್ಜಾತ್ ಬೇ ಉಳಿದ,
ಯಾರೂ ಹೇಳದಿದ್ದರೂ ಬೋರ್ಡು ಒರೆಸುತ್ತ.
ಅದೇ ದಫ್ತರದಲ್ಲಿ ಇಪ್ಪತ್ತೆರಡು ವರ್ಷದ ಗುಮಾಸ್ತ;
ಇಂಗ್ಲಿಷ್ ಯಾಕೆ ಬೇಕೆಂದು ಇದುವರೆಗೂ ಹೇಳಿಲ್ಲ.
ಬೋರ್ಡಿಗೇ ಅಂದ: "ಟೋಪಿ ಅಂಗಡಿಯ ಕಡತ, ಮೇಡಂ,
ಎರಡು ಸಲ ವಾಪಸು ಕಳಿಸಿದ್ದು ನಾನೇ.
ಮೂವರೂ ಒಬ್ಬಳೇ ಅನ್ನಲು ಇಬ್ಬರು ಸಾಕ್ಷಿ ಬೇಕು,
ಮೂವರನ್ನೂ ಬಲ್ಲವರು."
ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

ಮುಂದಿನ ವಾರ ಅವನ ಮನೆಪಾಠದಲ್ಲಿ ಎರಡೇ ಸಾಲು,
ಕ್ರಿಯಾಪದ ಕುಂಟುತ್ತಿತ್ತು:
"ನನ್ನ ಕಚೇರಿ ಬೈಜಾಂಟೈನ್ ಇದೆ.
ಆ ಹೆಂಗಸು ಇರಲಿಲ್ಲ, ಅವಳು ಟೋಪಿ ಮಾಡಿದಳು."

ಮೊದಲಕ್ಷರ ದೊಡ್ಡದಾಗಿ ಬರೆದಿದ್ದ.
ದೊಡ್ಡಕ್ಷರವಾದರೆ ಊರು, ಚಿಕ್ಕದಾದರೆ ಮೂದಲಿಕೆ,
ನಾನೇ ಹೇಳಿಕೊಟ್ಟಿದ್ದು.
ಕೆಂಪು ಪೆನ್ನು ಅಲ್ಲಿ ತುಸು ಹೊತ್ತು ನಿಂತಿತು.
ಕ್ರಿಯಾಪದ ತಿದ್ದಿದೆ. ಅಕ್ಷರ ಮುಟ್ಟಲಿಲ್ಲ.

ಮಂಗಳವಾರ ಟೋಕನ್ ಎಪ್ಪತ್ತೊಂದು.
ಗಾಜಿನಾಚೆ ನೆವ್ಜಾತ್ ಬೇ, ಟೈ ಬಿಗಿದು,
ಗುರುತೇ ಇಲ್ಲದವನಂತೆ; ನಿಯಮವೂ ಅದೇ ಇರಬೇಕು.
ಹೆಸರು? ಅಂದ.
ಎವಾಂಥಿಯಾ, ಅಂದೆ.
ಒಂದೊಂದೇ ಅಕ್ಷರ ಹೇಳಿ, ಅಂದ. ನಿಧಾನಕ್ಕೆ.