ಹನ್ನೊಂದು ಹೆಜ್ಜೆ

ಹತ್ತೊಂಬತ್ತು ಮಂಚ, ಹತ್ತೊಂಬತ್ತು ತಟ್ಟೆ,
ನಾಲ್ಕು ವಾಕರ್, ತೂಕದ ಯಂತ್ರ ಒಂದು.
ಲಾರಿಗೆ ಏರಿಸಿದ್ದಕ್ಕೆಲ್ಲ ಪಟ್ಟಿ ಇತ್ತು,
ಸಹಿ ಹಾಕಿದವಳು ನಾನೇ.

ಮಿಲ್ಲಿನ ಹಿಂದಿನ ಹಳೇ ಕಟ್ಟಡ ಸೋರುತ್ತಿತ್ತು, ನಿಜ.
ಬೈಪಾಸಿನಾಚೆಯ ಈ ಹೊಸದರಲ್ಲಿ ಲಿಫ್ಟಿದೆ, ಬಿಸಿನೀರಿದೆ,
ಗೋಡೆಗೆ ಎದೆಮಟ್ಟ ಟೈಲ್ಸ್.
ಯಾರೂ ಕೆಟ್ಟದ್ದು ಬಯಸಿರಲಿಲ್ಲ.

ಖೈರುನ್‌ಬಿಗೆ ಕೆಮ್ಮು ನಿಂತಿದೆ.
ನಲವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ಬೆಂದವಳು,
ಅಲ್ಲಿ ಕಿಟಕಿಯಿಂದ ಬರುತ್ತಿದ್ದ ಹೊಗೆ ಮೂಸಿಯೇ ಹೊತ್ತು ಹೇಳುತ್ತಿದ್ದಳು:
‘ಈಗ ಉಪ್ಪುನೀರು ಕಲಸ್ಯಾರ. ಈಗ ಮರಳು ಕಾದೈತಿ.’
ಇಲ್ಲಿ ಕಿಟಕಿಯಲ್ಲಿ ಬರೀ ಗಾಳಿ.
ಮಧ್ಯಾಹ್ನ ಮೂರಕ್ಕೆ ಕೇಳುತ್ತಾಳೆ,
‘ಬೆಳಗಾತೇನ ಯವ್ವಾ?’

ಹಾಲಮ್ಮ ಟ್ರಂಕು ತೆರೆಯಲೇ ಇಲ್ಲ.
ಅದರ ಮೇಲೆ ಕೂತು, ಸೀರೆ ಗಂಟು ತೊಡೆಯ ಮೇಲಿಟ್ಟುಕೊಂಡು,
ಬಸ್ಸೆಷ್ಟೊತ್ತಿಗೆ ಎಂದು ಕೇಳಿದಳು, ಹದಿನಾರು ದಿನ.
ಹದಿನೇಳನೇ ದಿನ ಕೇಳಲಿಲ್ಲ.
ಕಾರಣ ಎಂಬಲ್ಲಿ ಡಾಕ್ಟರು ಒಂದು ಪದ ಬರೆದರು.
ರಿಜಿಸ್ಟರಿನಲ್ಲಿ ಆ ಜಾಗ ಬಲು ಸಣ್ಣದು.

ಇನ್ನು ಬಕ್ಕಪ್ಪ.
ಕಣ್ಣು ಮಂಜಾದರೂ ಹಳೇ ಹಾಲಿನಲ್ಲಿ
ಮಂಚದಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ,
ಎಡಗೈ ಗೋಡೆಗೆ.
ಸುಣ್ಣದ ಮೇಲೆ ಆ ಅಂಗೈ ಉಜ್ಜಿ ಉಜ್ಜಿ
ಎಣ್ಣೆಗಪ್ಪಿನ ಒಂದು ಪಟ್ಟೆ ಮೂಡಿತ್ತು.
ಪಟ್ಟಿಯಲ್ಲಿ ಅದನ್ನು ನಾನು ಬರೆದಿರಲಿಲ್ಲ.

ಇಲ್ಲಿ ಹದಿನಾಲ್ಕು ಹೆಜ್ಜೆ, ಅದೂ ಬಲಕ್ಕೆ.
ಟೈಲ್ಸು ಕೈಗೆ ನಿಲ್ಲುವುದಿಲ್ಲ.
ಹನ್ನೊಂದಕ್ಕೆ ನಿಂತು, ಬಾಗಿಲಿಲ್ಲದ ಕಡೆ ಕೈಚಾಚಿ,
ಅಲ್ಲೇ ಒದ್ದೆಯಾಗಿ,
ಕತ್ತಲಲ್ಲಿ ನನ್ನ ಕ್ಷಮೆ ಕೇಳಿದ.
ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಬಂದೆ.

ಮರುರಾತ್ರಿ ನೂಲಿನ ಹಗ್ಗವೊಂದನ್ನು
ಮಂಚದ ಕಾಲಿನಿಂದ ಬಚ್ಚಲಿನ ಚಿಲಕಕ್ಕೆ ಬಿಗಿದೆ.
ಯಾರಾದರೂ ಎಡವಿದರೆ? ಎಂದರು ಮ್ಯಾನೇಜರು.
ಅದಕ್ಕೇ ಹತ್ತರ ಮೇಲೆ ಕಟ್ಟುತ್ತೇನೆ,
ಐದಕ್ಕೆ ಬಿಚ್ಚುತ್ತೇನೆ.

ಸ್ಪಿನ್ನಿಂಗ್ ಖಾತೆಯಲ್ಲಿ ಮೂವತ್ತೊಂದು ವರ್ಷ
ರಾತ್ರಿಪಾಳಿ ಮಾಡಿದ ಬೆರಳು.
ಹಗ್ಗ ಸಿಕ್ಕಿದ್ದೇ, ಹೊಸೆದದ್ದು ಸರಿಯಿಲ್ಲ ಎಂದು ಬೈದ.
ನಾಲ್ಕು ದಿನಕ್ಕೆ ನಗು ಬಂತು ನನಗೆ.

ಈ ಬೆಳಗ್ಗೆ ಬಿಚ್ಚುವಾಗ ನೋಡಿದೆ,
ಹನ್ನೊಂದನೇ ಹೆಜ್ಜೆಯ ಅಳತೆಗೆ ಒಂದು ಗಂಟು.
ಎಲ್ಲೂ ಕಡಿದಿರದ ಎಳೆಗೆ ಹಾಕಿದ್ದು,
ಮಿಲ್ಲಿನವರ ಗಂಟು, ಉಗುರಿಗೆ ಸಿಗದಷ್ಟು ಸಣ್ಣದು.
ಹಾಗೇ ಸುತ್ತಿಟ್ಟೆ.

ಉಳಿದ ಮೂರು ಹೆಜ್ಜೆಗೆ
ಈಗಲೂ ನನ್ನನ್ನೇ ಕೂಗುತ್ತಾನೆ,
ಬೇರೆ ಯಾರದೋ ಹೆಸರು ಹಿಡಿದು.