ತುಂಬಿದ ಮೇಲಿನ ನಿಮಿಷಗಳು

ಮೊದಲ ನಾಲ್ಕು ವರ್ಷ ಬಿಟ್ಟಿ.
ದೋಣಿಕಟ್ಟೆಯ ಬಳಿ ಹಸಿರು ಕಂಬ ನೆಟ್ಟು
ಕೌನ್ಸಿಲಿನವರು ರಿಬ್ಬನ್ ಕತ್ತರಿಸಿ
ಬನ್ನಿ, ಚುಚ್ಚಿಕೊಳ್ಳಿ ಅಂದರು.
ಬಿಟ್ಟಿ ಸಿಕ್ಕಿದ್ದಕ್ಕೆ ಯಾರು ಗಡಿಯಾರ ನೋಡುತ್ತಾರೆ?
ಹೋಟೆಲಿನ ಇಸ್ಬಿಸ್ಟರ್ ರಾತ್ರಿ ಚುಚ್ಚಿದ ವ್ಯಾನನ್ನು
ಮರುದಿನ ಮಧ್ಯಾಹ್ನ, ಗಡ್ಡ ಕೆರೆಯುತ್ತ, ಬಂದು ಬಿಡಿಸುತ್ತಿದ್ದ.
ಹಾಗಾಗಿ ದರಪಟ್ಟಿ ಬಂದಾಗ
ಮೊದಲು ತಲೆಯಾಡಿಸಿದವಳು ನಾನೇ.

ಯೂನಿಟ್ಟಿಗೆ ಇಷ್ಟು. ಸರಿ.
ಸಿಕ್ಕಿಸಿದ್ದಕ್ಕೇ ಒಂದಿಷ್ಟು. ಅದೂ ಸರಿ.
ಬ್ಯಾಟರಿ ತುಂಬಿದ ಮೇಲೂ ಕದಲದಿದ್ದರೆ
ನಿಮಿಷಕ್ಕೊಂದು ಪೌಂಡು.
ಇಸ್ಬಿಸ್ಟರನ ಗಡ್ಡ ನೆನೆದು ಅದಕ್ಕೂ ಹೂಂ ಅಂದೆ.

ಗ್ಯಾರೇಜಿದ್ದವರು ಮನೆಯ ಗೋಡೆಯಿಂದಲೇ
ಅರ್ಧಕ್ಕಿಂತ ಕಡಿಮೆಗೆ ತುಂಬಿಸಿಕೊಳ್ಳುತ್ತಾರೆ.
ನನ್ನದು ಮೀನಂಗಡಿಯ ಮೇಲಿನ ಎರಡನೇ ಮಹಡಿ;
ಕಿಟಕಿಯಿಂದ ವೈರು ಇಳಿಬಿಟ್ಟರೆ
ಕಡಲಹಕ್ಕಿಗಳಿಗೆ ಉಯ್ಯಾಲೆಯಾದೀತು, ಅಷ್ಟೆ.

ಆರ್ಕ್ನಿಯ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಂತುಬಿಟ್ಟಿವೆ.
ಗಾಳಿ ಇಲ್ಲದೆ ಅಲ್ಲ, ಹೆಚ್ಚಾಗಿ.
ಕಡಲಡಿಯ ಕೇಬಲ್ಲು ಅಷ್ಟನ್ನು ಹೊರಲಾರದಂತೆ,
ನಿಲ್ಲಿಸಿ ಅಂತ ದಕ್ಷಿಣದಿಂದ ಯಾರೋ ಹೇಳುತ್ತಾರಂತೆ.
ಕಾರಿನ ಬಾಗಿಲನ್ನೇ ಕಿತ್ತೊಯ್ಯುವ ಆ ಗಾಳಿಯಲ್ಲಿ
ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು
ಅದೇ ಗಾಳಿಯನ್ನು ಕೊಳ್ಳುತ್ತೇನೆ.
ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವನ ಗಾದೆಗೆ
ರಸೀದಿಯೊಂದನ್ನು ಲಗತ್ತಿಸಬೇಕು.

ಮ್ಯಾನ್ಸಿ ಫ್ಲೆಟ್‌ನ ಮನೆ ಕಟ್ಟೆಗೆ ಎದುರೇ.
ವಾರಕ್ಕೆ ನಾಲ್ಕು ದಿನ ಅವನಿಗೆ ಸಾಕ್ಸು ಹಾಕುವುದು,
ಮಾತ್ರೆ ಎಣಿಸುವುದು, ಗಂಜಿ ಕಾಯಿಸುವುದು.
ಮೂವತ್ತು ನಿಮಿಷ. ನನ್ನ ಸಂಬಳವೂ ನಿಮಿಷದ ಲೆಕ್ಕ.
ಆ ಮಂಗಳವಾರ ಅವನು ಬಚ್ಚಲಿನ ನೆಲದ ಮೇಲಿದ್ದ,
ಅಂಗಾತ, ಕಣ್ಣು ತೆರೆದು:
"ಥೋರಾ, ಚಾವಣಿಗೆ ಬಣ್ಣ ಹೊಡೆಸಬೇಕು ನೋಡು."
ಆಂಬುಲೆನ್ಸು ದ್ವೀಪದ ಇನ್ನೊಂದು ತುದಿಯಲ್ಲಿತ್ತು.
ಅಲುಗಾಡಿಸಬೇಡಿ ಅಂದರು.
ಕಂಬಳಿ ಹೊದಿಸಿ ಪಕ್ಕದಲ್ಲೇ ಕೂತೆ.
ಜೇಬಿನಲ್ಲಿ ಫೋನು ನಡುಗಿತು: ನಿಮ್ಮ ವಾಹನ ತುಂಬಿದೆ.
ಮತ್ತೆ: ನಿಮ್ಮ ವಾಹನ ತುಂಬಿದೆ.

"ನಾನು ಇಲ್ಲಿ ಮೀಟರಿನವನಾಗಿದ್ದೆ, ಗೊತ್ತಾ?"
ಆಗ ಮನೆಮನೆಯ ಮೆಟ್ಟಿಲ ಕೆಳಗೂ ಒಂದು ಮೀಟರು,
ಶಿಲ್ಲಿಂಗ್ ಹಾಕಿದರೆ ದೀಪ, ತೀರಿದರೆ ಕತ್ತಲೆ.
ಮೂರು ತಿಂಗಳಿಗೊಮ್ಮೆ ಬೀಗ ತೆಗೆದು
ಅಡುಗೆಮನೆ ಮೇಜಿನ ಮೇಲೆ ನಾಣ್ಯ ಸುರಿದು
ಇಪ್ಪತ್ತಿಪ್ಪತ್ತರ ಗೋಪುರ ಕಟ್ಟುತ್ತಿದ್ದನಂತೆ.
ರಾಶಿಯಲ್ಲಿ ಒಮ್ಮೊಮ್ಮೆ ನಾರ್ವೆಯ ನಾಣ್ಯ,
ಒಮ್ಮೊಮ್ಮೆ ಬೋಲ್ಟಿನ ವಾಷರು.
"ಆಗೇನು ಮಾಡ್ತಿದ್ದೆ?"
"ಒಳಗೆ ಎಷ್ಟು ಮಕ್ಕಳು ಕೆಮ್ಮುತ್ತಿವೆ ಅಂತ ಕೇಳಿಸ್ಕೊಳ್ತಿದ್ದೆ.
ಆಮೇಲೆ ವಾಷರನ್ನು ಗೋಪುರದ ನಡುವೆ ಇಡ್ತಿದ್ದೆ,
ಅಂಚು ಕಾಣದ ಹಾಗೆ."

ಏಜೆನ್ಸಿ ಕೊಟ್ಟದ್ದು ಮೂವತ್ತು ನಿಮಿಷದ್ದು.
ಕಂಬ ಕೇಳಿದ್ದು ಐವತ್ತೆರಡು ನಿಮಿಷದ್ದು:
ಆ ದಿನದ ಸಂಬಳದಲ್ಲಿ ಮುಕ್ಕಾಲು ಪಾಲು.
ಫೋನು ಮಾಡಿದೆ. ಯಾವುದೋ ಊರಿನ ಹುಡುಗಿ,
ನಿಜಕ್ಕೂ ಒಳ್ಳೆಯವಳು, ಎಲ್ಲ ಕೇಳಿಸಿಕೊಂಡು
ಒಂದು ಕ್ಷಣ ಸುಮ್ಮನಿದ್ದು ಹೇಳಿದಳು:
"ಕಾರಣ ಬರೆಯುವ ಜಾಗವೇ ಇಲ್ಲ ಮೇಡಂ ಇದರಲ್ಲಿ."

ಬಿಟ್ಟಿ ಬೇಕೆಂದು ನಾನು ಕೇಳುತ್ತಿಲ್ಲ.
ಕಂಬಕ್ಕೂ ಬಣ್ಣ ಬೇಕು, ತುಕ್ಕು ಕೆರೆಯುವ ಕೈ ಬೇಕು,
ಉಪ್ಪುಗಾಳಿ ಯಾರನ್ನೂ ಬಿಟ್ಟಿಲ್ಲ.

ಆಸ್ಪತ್ರೆಯಿಂದ ಮ್ಯಾನ್ಸಿ ಲಕೋಟೆಯೊಂದನ್ನು ಕಳಿಸಿದ್ದಾನೆ.
ಒಳಗೆ ಪತ್ರವಿಲ್ಲ. ಒಂದು ವಾಷರು.
ತಿರುವು ಬಂದಾಗಲೆಲ್ಲ ಅದು
ಕಾರಿನ ಚಿಲ್ಲರೆ ತಟ್ಟೆಯಲ್ಲಿ ಠಣ್ ಅನ್ನುತ್ತದೆ.
ನಿನ್ನೆ ಕಂಬದ ಮುಂದೆ ನಿಂತು
ಅದರ ನುಣುಪು ಎದೆಯ ಮೇಲೆಲ್ಲ ಹೆಬ್ಬೆರಳಾಡಿಸಿದೆ.
ಎಲ್ಲೂ ಒಂದು ಸೀಳಿಲ್ಲ.
ಹಿಂದೆ ಇಸ್ಬಿಸ್ಟರನ ವ್ಯಾನು ದೀಪ ಮಿಟುಕಿಸಿತು.
ಈಗೀಗ ಅವನೂ
ಹೊತ್ತಿಗೆ ಸರಿಯಾಗಿ ಬರುತ್ತಾನೆ.